ಬಾಟಲಿಯೊಳಗಿನ ಬಿರುಸು

ಸಕ್ಕರೆ ಹೆಚ್ಚಾದರೆ ಗಾಜು ಸಿಡಿಯುತ್ತದೆ. ಕಡಿಮೆಯಾದರೆ ಲೋಟ ತುಂಬ ಸಪ್ಪೆ. ಮನೆಯಲ್ಲೇ ಬಿಯರ್ ಮಾಡುವವರನ್ನು ಕಟ್ಟಕಡೆಯ ಹಂತದಲ್ಲಿ ಸೋಲಿಸುವುದು ಗ್ಯಾಸು. ತಪ್ಪಿದ ಗ್ಯಾಸನ್ನು ಸರಿಪಡಿಸಬಹುದು. ಆದರೆ ಕಾರಣ ತಿಳಿಯುವ ಮುನ್ನವೇ ಕೈ ಹಾಕಿದರೆ ಕೆಟ್ಟದ್ದು ಅಪಾಯವಾಗುತ್ತದೆ.

ಫ್ರಾನ್ಸಿನ ಷಾಂಪೇನ್ ಪ್ರಾಂತ್ಯ. ಹತ್ತೊಂಬತ್ತನೇ ಶತಮಾನದ ಆರಂಭ. ಚಳಿ ಸರಿದು ಬಿಸಿಲು ಏರುತ್ತಿದೆ. ಸೀಮೆಸುಣ್ಣದ ಬಂಡೆ ಕೊರೆದು ಮಾಡಿದ ನೆಲಮಾಳಿಗೆಗೆ ಇಳಿಯುವ ಮುನ್ನ ಕೆಲಸಗಾರ ಮುಖಕ್ಕೆ ಕಬ್ಬಿಣದ ಮುಖವಾಡ ಕಟ್ಟಿಕೊಳ್ಳುತ್ತಾನೆ.

ಒಳಗೆ ಸಾಲುಸಾಲು ಬಾಟಲಿಗಳು. ಕತ್ತಲಲ್ಲಿ ಎಲ್ಲೋ ಒಂದು ಢಮಾರ್ ಎನ್ನುತ್ತದೆ. ಅದರ ಚೂರು ಬಡಿದು ಪಕ್ಕದ್ದು ಸಿಡಿಯುತ್ತದೆ, ಅದರಿಂದ ಮತ್ತೊಂದು. ಸದ್ದು ಅಡಗುವ ಹೊತ್ತಿಗೆ ಅಂಗಳದಷ್ಟು ಜಾಗದಲ್ಲಿ ಗಾಜು ಹರಡಿ, ಮಧ್ಯೆ ವೈನ್ ಹರಿಯುತ್ತಿರುತ್ತದೆ. ಕೆಟ್ಟ ವರ್ಷಗಳಲ್ಲಿ ಮಾಲೀಕನ ಅರ್ಧಕ್ಕಿಂತ ಹೆಚ್ಚು ಬಾಟಲಿಗಳು ಹೀಗೆ ಹೋದದ್ದುಂಟು.

ಚಳಿಗಾಲದಲ್ಲಿ ಸುಮ್ಮನಿದ್ದ ಬಾಟಲಿ ಬಿಸಿಲೇರಿದಾಗಲೇ ಏಕೆ ಸಿಡಿಯಬೇಕು? ತಣ್ಣಗಿದ್ದಷ್ಟು ದಿನ ಯೀಸ್ಟ್ ಮಲಗಿತ್ತು. ಬೆಚ್ಚಗಾದೊಡನೆ ಎದ್ದು, ವೈನಿನಲ್ಲಿ ಉಳಿದಿದ್ದ ಸಕ್ಕರೆಯನ್ನು ತಿನ್ನತೊಡಗಿತು. ತಿಂದ ಸಕ್ಕರೆ ಮದ್ಯವೂ ಇಂಗಾಲದ ಡೈಆಕ್ಸೈಡೂ ಆಯಿತು. ಬಿರಡೆ ಬಿಗಿದ ಬಾಟಲಿಯಿಂದ ಗ್ಯಾಸು ಹೋಗುವುದಾದರೂ ಎಲ್ಲಿಗೆ?

ಒಳಗೆ ಎಷ್ಟು ಸಕ್ಕರೆ ಉಳಿದಿದೆ ಎಂದು ಅಳೆಯುವ ಕ್ರಮ ಆಗ ಯಾರಿಗೂ ಗೊತ್ತಿರಲಿಲ್ಲ. ಷಾಲೋನ್ ಊರಿನಲ್ಲಿ ಔಷಧದಂಗಡಿ ಇಟ್ಟಿದ್ದ ಫ್ರಾಂಸ್ವಾ 1830ರ ದಶಕದಲ್ಲಿ ಅದನ್ನು ತೋರಿಸಿಕೊಟ್ಟ. ಬಾಟಲಿಗೆ ತುಂಬುವ ಮುನ್ನ ವೈನಿನ ಸಾಂದ್ರತೆ ನೋಡು, ಉಳಿದ ಸಕ್ಕರೆಯ ಲೆಕ್ಕ ಹಾಕು, ಬೇಕಾದಷ್ಟನ್ನು ಮಾತ್ರ ಸೇರಿಸು. ಇಷ್ಟೇ ಅವನ ಸೂತ್ರ. ಸಿಡಿಯುವ ಬಾಟಲಿಗಳು ಕ್ರಮೇಣ ಕಡಿಮೆಯಾದವು.

ಇಂದು ಮನೆಯ ಅಡುಗೆಕಟ್ಟೆಯಲ್ಲಿ ಇಪ್ಪತ್ತು ಲೀಟರ್ ಬಿಯರ್ ಮಾಡುವವರು ಪಾಲಿಸಬೇಕಾದದ್ದೂ ಅದೇ ಸೂತ್ರ. ಪಾಲಿಸದಿದ್ದಾಗ ಆಗುವುದೂ ಅದೇ ಅನಾಹುತ.

ನವೆಂಬರಿನ ಒಂದು ಶನಿವಾರ

ಅಮೆರಿಕದಲ್ಲಿ ನವೆಂಬರ್ ತಿಂಗಳ ಮೊದಲ ಶನಿವಾರ ಮನೆಬಿಯರ್ ಕಲಿಸುವ ದಿನ. ಅಲ್ಲಿನ ಹೋಂಬ್ರೂವರ್‌ಗಳ ಸಂಘ 1999ರಲ್ಲಿ ಇದನ್ನು ಆರಂಭಿಸಿತು. ಅನುಭವಿಗಳು ಗ್ಯಾರೇಜಿನ ಬಾಗಿಲು ತೆರೆದು, ದೊಡ್ಡ ಪಾತ್ರೆಯಲ್ಲಿ ಮಾಲ್ಟಿನ ರಸ ಕುದಿಸಿ, ಹಾಪ್ಸ್ ಹಾಕಿ ಹೊಸಬರಿಗೆ ತೋರಿಸುತ್ತಾರೆ.

ಆ ದಿನ ಯೀಸ್ಟ್ ಹಾಕಿದ ಬಿಯರ್ ತಿಂಗಳ ಕೊನೆಯ ಹೊತ್ತಿಗೆ ಬಾಟಲಿಗೆ ಬರುತ್ತದೆ. ಡಿಸೆಂಬರಿನ ಹಬ್ಬಕ್ಕೆ ಬಾಟಲಿ ತೆರೆಯಬೇಕು ಎಂಬ ಆತುರ ಎಲ್ಲರಿಗೂ ಇರುತ್ತದೆ. ಗ್ಯಾಸಿನ ತಪ್ಪುಗಳು ಹುಟ್ಟುವುದು ಈ ಆತುರ ಮತ್ತು ಚಳಿಯ ನಡುವೆ.

ಈ ಹವ್ಯಾಸಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ತಡವಾಗಿ. 1933ರಲ್ಲಿ ಪಾನನಿಷೇಧ ತೆರವಾದ ಮೇಲೂ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಅನುಮತಿ ಇರಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಕಾಯ್ದೆ ಅದಕ್ಕೆ ದಾರಿ ಮಾಡಿತು. ಒಬ್ಬ ವಯಸ್ಕನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಲು 2013 ಬರಬೇಕಾಯಿತು. ಬ್ರಿಟನ್ನಿನಲ್ಲಿ ಮನೆಬಿಯರ್ ಮೇಲಿನ ಪರವಾನಗಿ 1963ರಲ್ಲೇ ರದ್ದಾಗಿತ್ತು.

ಕರ್ನಾಟಕದಲ್ಲಿ ಮಾತು ಬೇರೆ. ಇಲ್ಲಿ 1965ರ ಅಬಕಾರಿ ಕಾಯ್ದೆ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಮುಂದಿನ ಮಾತೆಲ್ಲ ಕಾನೂನು ಒಪ್ಪುವ ದೇಶಗಳಲ್ಲಿ ನೆಲೆಸಿ ಈ ಕೈಕಸುಬು ಹಿಡಿದವರಿಗೆ. ಬೆಂಗಳೂರಿನ ಮನೆಗಳಲ್ಲಿ ಕೊಂಬುಚಾ ಮಾಡಿ ಬಾಟಲಿಗೆ ತುಂಬುವವರೂ ಒತ್ತಡದ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಯೀಸ್ಟಿಗೆ ದೇಶವೂ ಗೊತ್ತಿಲ್ಲ, ಪಾನೀಯದ ಹೆಸರೂ ಗೊತ್ತಿಲ್ಲ.

ನೂರಿಪ್ಪತ್ತು ಗ್ರಾಂ ಸಕ್ಕರೆ

ಹುದುಗಿ ಮುಗಿದ ಬಿಯರಿನಲ್ಲಿ ಗುಳ್ಳೆ ಹೆಚ್ಚು ಇರುವುದಿಲ್ಲ. ಬಾಟಲಿಗೆ ತುಂಬುವ ದಿನ ಅಳೆದ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಇಡೀ ಬಿಯರಿಗೆ ಬೆರೆಸುತ್ತಾರೆ. ಪ್ರೈಮಿಂಗ್ ಎಂದು ಕರೆಯುವುದು ಇದನ್ನೇ. ಬಾಟಲಿಯೊಳಗೆ ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ. ಮುಚ್ಚಳ ಬಿಗಿಯಾಗಿರುವುದರಿಂದ ಗ್ಯಾಸು ಬಿಯರಿನಲ್ಲೇ ಕರಗುತ್ತದೆ.

ಗ್ಯಾಸಿನ ಅಳತೆಗೆ ವಾಲ್ಯೂಮ್ ಎನ್ನುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಗ್ಯಾಸು ಕರಗಿದ್ದರೆ ಅದು ಒಂದು ವಾಲ್ಯೂಮ್. ತೂಕದಲ್ಲಿ ಸುಮಾರು 2 ಗ್ರಾಂ. ಸಾಮಾನ್ಯ ಏಲ್ ಬಿಯರಿಗೆ 2.5 ವಾಲ್ಯೂಮ್ ಹಿತ. ಒಂದು ಲೀಟರಿಗೆ ಸುಮಾರು 4 ಗ್ರಾಂ ಅಡುಗೆ ಸಕ್ಕರೆ ಹಾಕಿದರೆ ಒಂದು ವಾಲ್ಯೂಮ್ ಏರುತ್ತದೆ.

ಇಲ್ಲಿ ಅನೇಕರು ಮರೆಯುವ ಒಂದು ಸಂಗತಿಯಿದೆ. ಹುದುಗುವಾಗ ಹುಟ್ಟಿದ ಗ್ಯಾಸಿನಲ್ಲಿ ಸ್ವಲ್ಪ ಬಿಯರಿನಲ್ಲೇ ಉಳಿದಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿದ ಬಿಯರಿನಲ್ಲಿ ಅದು ಸುಮಾರು 0.85 ವಾಲ್ಯೂಮ್. ಉಳಿದ 1.65 ವಾಲ್ಯೂಮನ್ನು ಮಾತ್ರ ಸಕ್ಕರೆಯಿಂದ ತರಬೇಕು. 19 ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 120 ಗ್ರಾಂ.

ಈಗ ಒಬ್ಬರು ಬಿಯರ್ ತಿಳಿಯಾಗಲೆಂದು ಕೊನೆಯ ಎರಡು ದಿನ ಫ್ರಿಜ್ಜಿನಲ್ಲಿ 2 ಡಿಗ್ರಿಗೆ ಇಟ್ಟರೆನ್ನಿ. ಲೆಕ್ಕ ಹಾಕುವಾಗ ಆ 2 ಡಿಗ್ರಿಯನ್ನೇ ಬರೆದರೆ, ಬಿಯರಿನಲ್ಲಿ ಆಗಲೇ 1.6 ವಾಲ್ಯೂಮ್ ಇದೆ ಎಂಬ ಉತ್ತರ ಬರುತ್ತದೆ. ಸಕ್ಕರೆ 65 ಗ್ರಾಂಗೆ ಇಳಿಯುತ್ತದೆ, ಬಿಯರ್ ಸಪ್ಪೆಯಾಗುತ್ತದೆ. 20 ಡಿಗ್ರಿಯಲ್ಲಿದ್ದಾಗ ಹೊರಟುಹೋದ ಗ್ಯಾಸು ಆಮೇಲೆ ತಣ್ಣಗೆ ಮಾಡಿದ ಮಾತ್ರಕ್ಕೆ ಮರಳುವುದಿಲ್ಲ. ಹುದುಗುವಿಕೆಯ ಕೊನೆಯಲ್ಲಿ ಬಿಯರ್ ಮುಟ್ಟಿದ ಅತಿ ಹೆಚ್ಚಿನ ಉಷ್ಣತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಚಮಚದ ಅಳತೆಯನ್ನಂತೂ ಬಿಟ್ಟೇಬಿಡಿ. ಸಣ್ಣ ಹರಳಿನ ಸಕ್ಕರೆ, ದಪ್ಪ ಹರಳಿನ ಸಕ್ಕರೆ, ಡೆಕ್ಸ್‌ಟ್ರೋಸ್ ಪುಡಿ ಮೂರೂ ಒಂದೇ ಚಮಚದಲ್ಲಿ ಮೂರು ತೂಕ ತೂಗುತ್ತವೆ. ಹತ್ತಿಪ್ಪತ್ತು ಡಾಲರಿಗೆ ಸಿಗುವ ಡಿಜಿಟಲ್ ತಕ್ಕಡಿಯಷ್ಟು ಬಾಟಲಿ ಉಳಿಸುವ ಉಪಕರಣ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

▪ ಬಾಕ್ಸ್: ಯಾವ ಬಿಯರಿಗೆ ಎಷ್ಟು ಗುಳ್ಳೆ?

ಬ್ರಿಟನ್ನಿನ ಸಾಂಪ್ರದಾಯಿಕ ಏಲ್: 1.5ರಿಂದ 2 ವಾಲ್ಯೂಮ್
ಸ್ಟೌಟ್, ಪೋರ್ಟರ್: 1.7ರಿಂದ 2.3
ಅಮೆರಿಕನ್ ಏಲ್, ಲಾಗರ್: 2.2ರಿಂದ 2.7
ಜರ್ಮನಿಯ ಗೋಧಿ ಬಿಯರ್: 3.3ರಿಂದ 4.5

ಮೂರು ವಾಲ್ಯೂಮ್ ದಾಟುವ ಬಿಯರಿಗೆ ದಪ್ಪ ಗಾಜಿನ ಬಾಟಲಿಯೇ ಬೇಕು. ಅಂಗಡಿಯಲ್ಲಿ ಕೊಂಡ ಬಿಯರಿನ ತೆಳು ಬಾಟಲಿ, ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ, ಚೌಕಾಕಾರದ ಅಲಂಕಾರದ ಬಾಟಲಿ ಇದಕ್ಕೆ ಸಲ್ಲವು. ಚೌಕದ ಮೂಲೆಗಳಲ್ಲಿ ಒತ್ತಡ ಒಟ್ಟಾಗಿ ಗಾಜು ಮೊದಲು ಅಲ್ಲೇ ಬಿರಿಯುತ್ತದೆ.

ಸಪ್ಪೆಯಾದಾಗ ಸಕ್ಕರೆ ಡಬ್ಬಿ ಮುಟ್ಟಬೇಡಿ

ಡಿಸೆಂಬರಿನ ಮಿನೆಸೋಟವನ್ನು ನೆನೆಯಿರಿ. ಹೊರಗೆ ಹಿಮ, ಗ್ಯಾರೇಜಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಎರಡು ವಾರ ಕಾದು ತೆರೆದ ಬಾಟಲಿ ಸದ್ದೇ ಮಾಡುವುದಿಲ್ಲ. ಲೋಟದಲ್ಲಿ ನೊರೆಯಿಲ್ಲ.

ಈ ಗಳಿಗೆಯಲ್ಲಿ ಮಾಡುವ ತಪ್ಪೇ ಎಲ್ಲಕ್ಕಿಂತ ದೊಡ್ಡದು. ಸಕ್ಕರೆ ಸಾಲಲಿಲ್ಲ ಎಂದುಕೊಂಡು ಪ್ರತಿ ಬಾಟಲಿಗೂ ಇನ್ನೊಂದಿಷ್ಟು ಸುರಿಯುವುದು. ಮೊದಲಿನ ಸಕ್ಕರೆ ಹಾಗೇ ಕುಳಿತಿರುತ್ತದೆ, ಮೇಲೆ ಹೊಸದು ಸೇರುತ್ತದೆ. ಏಪ್ರಿಲಿನಲ್ಲಿ ಗ್ಯಾರೇಜು ಬೆಚ್ಚಗಾಗುತ್ತದೆ. ಆ ಮೇಲೆ ಷಾಂಪೇನಿನ ನೆಲಮಾಳಿಗೆಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಏಲ್ ಯೀಸ್ಟಿಗೆ ಬೇಕಾದದ್ದು 20ರಿಂದ 24 ಡಿಗ್ರಿ ಬೆಚ್ಚಗಿನ ಜಾಗ ಮತ್ತು ಎರಡು ವಾರ. ಗಟ್ಟಿ ಬಿಯರಿಗೆ ಇನ್ನೂ ಹೆಚ್ಚು. ಮೊದಲು ಬಾಟಲಿಗಳನ್ನು ಮನೆಯೊಳಗೆ ತನ್ನಿ. ತಳದಲ್ಲಿ ಕೂತ ಯೀಸ್ಟ್ ಮೇಲೇಳುವಂತೆ ಒಂದೊಂದನ್ನೂ ನಿಧಾನವಾಗಿ ತಲೆಕೆಳಗು ಮಾಡಿ ಮತ್ತೆ ನಿಲ್ಲಿಸಿ. ಕುಲುಕಬೇಡಿ. ಇನ್ನು ಕಾಯಿರಿ.

ಆಗಲೂ ಗುಳ್ಳೆ ಬರದಿದ್ದರೆ ಊಹೆ ಬೇಡ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೆಗೆಯಿರಿ. ಒಂದು ಬಾಟಲಿಯ ಬಿಯರನ್ನು ಲೋಟದಿಂದ ಲೋಟಕ್ಕೆ ಸುರಿದು ಇರುವಷ್ಟು ಗ್ಯಾಸನ್ನೂ ಹೊರಗಟ್ಟಿ, ಸಾಂದ್ರತೆ ನೋಡಿ. ಸಕ್ಕರೆ ಬೆರೆಸುವ ಮುನ್ನ ಬರೆದಿಟ್ಟ ಅಂಕಿಗೆ ಹೋಲಿಸಿ.

ಅಂದು 1.010 ಇದ್ದದ್ದು ಇಂದು 1.012 ತೋರಿಸಿದರೆ, ಹಾಕಿದ ಸಕ್ಕರೆ ಇನ್ನೂ ಒಳಗೇ ಇದೆ. ಯೀಸ್ಟ್ ಸೋತಿದೆ. ತಿಂಗಳುಗಟ್ಟಲೆ ತಣ್ಣಗೆ ಇಟ್ಟ ಲಾಗರ್, ಮದ್ಯಾಂಶ ಶೇಕಡಾ 9 ದಾಟಿದ ಗಟ್ಟಿ ಬಿಯರ್ ಎರಡರಲ್ಲೂ ಹೀಗಾಗುತ್ತದೆ. ಷಾಂಪೇನ್ ಯೀಸ್ಟಿನಂಥ ಮದ್ಯ ತಡೆಯಬಲ್ಲ ಒಣ ಯೀಸ್ಟಿನ ನಾಲ್ಕೈದು ಕಾಳು ಪ್ರತಿ ಬಾಟಲಿಗೆ ಹಾಕಿ, ಹೊಸ ಮುಚ್ಚಳ ಬಿಗಿದು, ಬೆಚ್ಚಗೆ ಇಡಬೇಕು. ಮುಂದಿನ ಸಲ ಅಂಥ ಬಿಯರಿಗೆ ಬಾಟಲಿ ತುಂಬುವ ದಿನವೇ ಹೊಸ ಯೀಸ್ಟ್ ಸೇರಿಸಿದರೆ ಈ ಕಷ್ಟವೇ ಇಲ್ಲ.

ಅಂದೂ 1.010, ಇಂದೂ 1.010 ಆದರೆ? ಸಕ್ಕರೆ ಖರ್ಚಾಗಿದೆ. ಗ್ಯಾಸು ಹುಟ್ಟಿ ಹೊರಟುಹೋಗಿದೆ, ಇಲ್ಲವೇ ಹಾಕಿದ ಸಕ್ಕರೆಯೇ ಕಡಿಮೆ. ಇನ್ನೊಂದು ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ನೋಡಿ. ಮುಚ್ಚಳದ ಅಂಚಿನಿಂದ ಗುಳ್ಳೆ ಎದ್ದರೆ ತಪ್ಪು ಮುಚ್ಚಳ ಬಿಗಿಯುವ ಯಂತ್ರದ್ದು.

ಸೋರಿಕೆಯಿಲ್ಲ, ಸಕ್ಕರೆಯೇ ಕಡಿಮೆ ಎಂದು ಖಚಿತವಾದ ಮೇಲೆ ಮಾತ್ರ ಸಕ್ಕರೆ. ಒಂದು ವಾಲ್ಯೂಮ್ ಏರಿಸಲು 330 ಮಿಲಿಲೀಟರ್ ಬಾಟಲಿಗೆ ಬೇಕಾದದ್ದು ಬರೀ 1.3 ಗ್ರಾಂ. ಹರಳನ್ನು ನೇರವಾಗಿ ಹಾಕಿದರೆ ಇರುವಷ್ಟು ಗ್ಯಾಸೂ ಅದರ ಮೇಲೆ ಗುಳ್ಳೆಗಟ್ಟಿ ಬಿಯರ್ ಉಕ್ಕಿ ಹೊರಬರುತ್ತದೆ. ನೀರಿನಲ್ಲಿ ಕುದಿಸಿ ಪಾಕ ಮಾಡಿ, ಆರಿಸಿ, ಶುದ್ಧ ಸಿರಿಂಜಿನಲ್ಲಿ ಅಳೆದು ಬಿಡಬೇಕು.

ಎಲ್ಲ ಬಾಟಲಿಗಳನ್ನೂ ಬಕೆಟ್ಟಿಗೆ ಸುರಿದು ಮೊದಲಿನಿಂದ ತುಂಬುವ ಯೋಚನೆ ಬೇಡ. ಹಾಗೆ ಸುರಿದಾಗ ಬಿಯರ್ ಗಾಳಿಯ ಆಮ್ಲಜನಕ ಕುಡಿಯುತ್ತದೆ. ವಾರಗಳಲ್ಲೇ ಒದ್ದೆ ರಟ್ಟಿನ ರುಚಿ ಬರುತ್ತದೆ. ಅದಕ್ಕೆ ಮದ್ದಿಲ್ಲ. ಸಪ್ಪೆ ಬಿಯರನ್ನು ಕುಡಿಯಬಹುದು, ರಟ್ಟಿನ ರುಚಿಯ ಬಿಯರನ್ನು ಕುಡಿಯಲಾಗದು.

▪ ಬಾಕ್ಸ್: ಗೋಲಿ ಸೋಡಾದ ಬಂಧುಗಳು

ನಮ್ಮ ಸಂತೆ-ಜಾತ್ರೆಗಳ ಗೋಲಿ ಸೋಡಾ ಬಾಟಲಿಯನ್ನು ರೂಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್. 1870ರ ದಶಕದ ಆರಂಭದಲ್ಲಿ. ಒಳಗಿನ ಗ್ಯಾಸೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಒಳಗೆ ಒತ್ತಡ ಇದ್ದರಷ್ಟೇ ಅದು ಮುಚ್ಚಳ. ಪ್ರೈಮಿಂಗ್ ಮಾಡಿದ ಬಿಯರಿನಲ್ಲಿ ಮೊದಲ ದಿನ ಒತ್ತಡವಿಲ್ಲದ ಕಾರಣ ಗೋಲಿ ಅಲ್ಲಿಗೆ ಒಗ್ಗದು.

ಬಿಯರಿಗೆ ಒಗ್ಗಿದ್ದು ಅಂಚು ನಿರಿಗೆಗಟ್ಟಿದ ತಗಡಿನ ಕ್ರೌನ್ ಮುಚ್ಚಳ. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಅದರ ಪೇಟೆಂಟ್ ಪಡೆದ.

ನೀರಿಗೆ ಗ್ಯಾಸು ಸೇರಿಸುವ ವಿದ್ಯೆ ಹುಟ್ಟಿದ್ದೂ ಬಿಯರಿನ ಪಕ್ಕದಲ್ಲೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಜೋಸೆಫ್ ಪ್ರೀಸ್ಟ್ಲಿಯ ಮನೆ ಒಂದು ಬ್ರೂವರಿಗೆ ಅಂಟಿಕೊಂಡಿತ್ತು. ಹುದುಗುವ ತೊಟ್ಟಿಯ ಮೇಲೆ ನಿಂತ ಗ್ಯಾಸಿನಲ್ಲಿ ಪಾತ್ರೆಯಿಂದ ಪಾತ್ರೆಗೆ ನೀರು ಸುರಿದು ಅವನು ಗುಳ್ಳೆನೀರು ಮಾಡಿದ. 1772ರಲ್ಲಿ ಅದರ ವಿಧಾನ ಪ್ರಕಟಿಸಿದ.

ಬಾಟಲಿ ಬಾಂಬು

ಸಪ್ಪೆ ಬಿಯರ್ ಬೇಸರ ತರುತ್ತದೆ. ಅತಿಯಾದ ಗ್ಯಾಸು ಕಣ್ಣು ಕಳೆಯಬಲ್ಲದು. ಹೋಂಬ್ರೂವರ್‌ಗಳು ಇದನ್ನು ಬಾಟಲಿ ಬಾಂಬು ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಸರಿಯಾಗಿ 2.5 ವಾಲ್ಯೂಮ್ ಗ್ಯಾಸಿರುವ ಬಾಟಲಿಯೊಳಗೆ 20 ಡಿಗ್ರಿಯಲ್ಲಿ ಸುಮಾರು 28 ಪಿಎಸ್‌ಐ ಒತ್ತಡವಿರುತ್ತದೆ, ಹೆಚ್ಚುಕಡಿಮೆ ಕಾರಿನ ಟೈರಿನಷ್ಟು. ಗಾಜು ಅದನ್ನು ತಾಳುತ್ತದೆ. 120 ಗ್ರಾಂ ಬದಲು 240 ಗ್ರಾಂ ಸಕ್ಕರೆ ಬಿದ್ದರೆ ಗ್ಯಾಸು 4 ವಾಲ್ಯೂಮ್ ದಾಟಿ, ಒತ್ತಡ 50 ಮೀರುತ್ತದೆ. ಅದೇ ಬಾಟಲಿ ಬೇಸಿಗೆಯಲ್ಲಿ 30 ಡಿಗ್ರಿಯ ಅಟ್ಟದ ಮೇಲಿದ್ದರೆ 70 ಮುಟ್ಟುತ್ತದೆ. ಗೀರು ಬಿದ್ದ ಹಳೆಯ ಬಾಟಲಿ ಅಷ್ಟರಲ್ಲಿ ಹೋಗಿರುತ್ತದೆ.

ಆದರೆ ಸಕ್ಕರೆ ಇಮ್ಮಡಿ ಹಾಕುವವರು ವಿರಳ. ಬಾಂಬು ಹುಟ್ಟುವುದು ಹೆಚ್ಚಾಗಿ ಹುದುಗುವಿಕೆ ಮುಗಿಯುವ ಮುನ್ನವೇ ಬಾಟಲಿ ತುಂಬಿದಾಗ. ಹೈಡ್ರೋಮೀಟರಿನ ಒಂದೊಂದು ಅಂಕ, ಅಂದರೆ 1.011ರಿಂದ 1.010ಕ್ಕೆ ಇಳಿಯುವ ಒಂದು ಹೆಜ್ಜೆ, ಮುಚ್ಚಿದ ಬಾಟಲಿಯಲ್ಲಿ ಸುಮಾರು ಅರ್ಧ ವಾಲ್ಯೂಮ್ ಗ್ಯಾಸು. ನಾಲ್ಕು ಅಂಕ ಬಾಕಿ ಇದ್ದಾಗ ತುಂಬಿದರೆ ಎರಡು ವಾಲ್ಯೂಮ್ ಹೆಚ್ಚುವರಿ. ಪ್ರೈಮಿಂಗ್ ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಿದವರೂ ಸೋಲುವುದು ಇಲ್ಲೇ.

ಗುಳ್ಳೆ ನಿಂತಿತು ಎಂಬುದು ಹುದುಗುವಿಕೆ ಮುಗಿದುದಕ್ಕೆ ಸಾಕ್ಷಿಯಲ್ಲ. ಎರಡು-ಮೂರು ದಿನದ ಅಂತರದಲ್ಲಿ ತೆಗೆದ ಎರಡು ಅಳತೆ ಒಂದೇ ಬಂದರೆ, ಅದೂ ಆ ಬಿಯರಿನಿಂದ ನಿರೀಕ್ಷಿಸಿದ ಅಂಕಿಯ ಹತ್ತಿರವಿದ್ದರೆ, ಅದು ಸಾಕ್ಷಿ.

ಹಾಪ್ಸಿನ ಕಂಪು ಹೆಚ್ಚಿರುವ ಐಪಿಎ ಬಿಯರ್ ಮಾಡುವವರು ಇನ್ನೊಂದು ಮಾತು ತಿಳಿದಿರಬೇಕು. ಹುದುಗುವಿಕೆ ಮುಗಿಯಿತು ಎನ್ನುವಾಗ ಇವರು ಒಣ ಹಾಪ್ಸನ್ನು ಬಿಯರಿಗೇ ಹಾಕುತ್ತಾರೆ. ಹಾಪ್ಸಿನಲ್ಲಿ ಕಿಣ್ವಗಳಿವೆ. ಯೀಸ್ಟ್ ತಿನ್ನಲಾರದೆ ಬಿಟ್ಟ ಉದ್ದ ಸರಪಣಿಯ ಸಕ್ಕರೆಯನ್ನು ಅವು ಕತ್ತರಿಸಿ ತಿನ್ನುವಂಥದ್ದಾಗಿ ಮಾಡುತ್ತವೆ. ನಿಂತಿದ್ದ ಹುದುಗುವಿಕೆ ಮೆಲ್ಲಗೆ ಮತ್ತೆ ಶುರುವಾಗುತ್ತದೆ.

ಇಂಗ್ಲೆಂಡಿನ ರಸಾಯನತಜ್ಞರಾದ ಹೊರೇಸ್ ಬ್ರೌನ್ ಮತ್ತು ಮಾರಿಸ್ ಇದನ್ನು 1893ರಲ್ಲೇ ಬರೆದಿದ್ದರು. ಆಮೇಲೆ ಲೋಕ ಮರೆತಿತ್ತು. ಹಾಪ್ಸನ್ನು ಹಿಡಿಹಿಡಿಯಾಗಿ ಸುರಿಯುವ ಈ ಕಾಲದಲ್ಲಿ ಅದು ಮತ್ತೆ ಎದುರು ಬಂದಿದೆ. ಹಾಪ್ಸ್ ಹಾಕಿದ ಮೇಲೂ ಕೆಲವು ದಿನ ಬೆಚ್ಚಗೆ ಇಟ್ಟು, ಅಳತೆ ಸ್ಥಿರವಾಯಿತು ಎಂದು ನೋಡಿಯೇ ತುಂಬಬೇಕು.

ಕಾರಣ ಹಿಡಿಯಲು ಸುಲಭ ದಾರಿಯೊಂದಿದೆ. ಎಷ್ಟು ಬಾಟಲಿ ಕೆಟ್ಟಿವೆ, ಯಾವಾಗ ಕೆಟ್ಟವು ನೋಡಿ.

ಎಲ್ಲವೂ ಒಂದೇ ಸಮ ಉಕ್ಕಿದರೆ ಸಕ್ಕರೆ ಹೆಚ್ಚು, ಇಲ್ಲವೇ ಹುದುಗುವಿಕೆ ಬಾಕಿ. ಕೆಲವು ಉಕ್ಕಿ ಕೆಲವು ಸಪ್ಪೆಯಾಗಿದ್ದರೆ ಸಕ್ಕರೆ ಪಾಕ ಸರಿಯಾಗಿ ಬೆರೆತಿಲ್ಲ. ಒಂದೆರಡು ಮಾತ್ರ ಉಕ್ಕಿ, ಹುಳಿ ವಾಸನೆ ಬಂದು, ಕುತ್ತಿಗೆಯೊಳಗೆ ಬಿಯರಿನ ಮಟ್ಟದಲ್ಲಿ ಬಿಳಿ ಉಂಗುರ ಕಂಡರೆ ಆ ಬಾಟಲಿಗಳು ಕೊಳೆಯಾಗಿದ್ದವು. ಮೊದಲ ತಿಂಗಳು ಚೆನ್ನಾಗಿದ್ದು ತಿಂಗಳು ಕಳೆದಂತೆ ಗ್ಯಾಸು ಏರುತ್ತಲೇ ಹೋದರೆ ಒಳಗೆ ಕಾಡು ಯೀಸ್ಟ್ ಸೇರಿದೆ. ಡಯಾಸ್ಟಾಟಿಕಸ್ ಎಂಬ ಯೀಸ್ಟ್ ಬಗೆ ತನ್ನದೇ ಕಿಣ್ವದಿಂದ ಉದ್ದ ಸಕ್ಕರೆಗಳನ್ನೂ ಕತ್ತರಿಸಿ ತಿನ್ನುತ್ತದೆ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ಟು, ಹಳೆಯ ರಬ್ಬರ್ ಕೊಳವೆ ಅದು ಅಡಗುವ ಜಾಗಗಳು. ಅಂಥವನ್ನು ತೊಳೆಯುವುದಲ್ಲ, ಬದಲಿಸುವುದೇ ಸರಿ.

ಉಳಿಸಿಕೊಳ್ಳಬಹುದಾದ ಬಾಟಲಿಗಳಿಗೆ ಮೊದಲ ಮದ್ದು ತಂಪು. 20 ಡಿಗ್ರಿಯಲ್ಲಿ 54 ಪಿಎಸ್‌ಐ ಇದ್ದ ಬಾಟಲಿ 4 ಡಿಗ್ರಿಗೆ ಇಳಿದರೆ ಒತ್ತಡ ಅರ್ಧವಾಗುತ್ತದೆ. ಯೀಸ್ಟೂ ಮಲಗುತ್ತದೆ. ಎತ್ತಿ ಸಾಗಿಸುವಾಗ ಮುಖಕ್ಕೆ ಪಾರದರ್ಶಕ ಕವಚ ಅಥವಾ ಕನಿಷ್ಠ ಸುರಕ್ಷತಾ ಕನ್ನಡಕ, ದಪ್ಪ ಕೈಗವಸು, ಉದ್ದ ತೋಳಿನ ಜಾಕೆಟ್ ಇರಲೇಬೇಕು. ಬಾಟಲಿ ಪೆಟ್ಟಿಗೆಯ ಮೇಲೆ ದಪ್ಪ ಕಂಬಳಿ ಹೊದಿಸಿರಿ. ಮಕ್ಕಳು ಆ ಕೋಣೆಯಲ್ಲಿ ಇರಕೂಡದು.

ಒಂದು ದಿನ ತಣ್ಣಗಾದ ಮೇಲೆ ಸಿಂಕಿನಲ್ಲಿಟ್ಟು, ಟವೆಲ್ ಸುತ್ತಿ, ಮುಚ್ಚಳದ ಒಂದು ಅಂಚನ್ನು ಓಪನರಿನಿಂದ ಮೆಲ್ಲಗೆ ಎತ್ತಿ. ಬುಸ್ ಎಂದು ಗ್ಯಾಸು ಹೋಗುತ್ತದೆ, ನೊರೆ ಏರುತ್ತದೆ. ನೊರೆ ಬಾಯಿಗೆ ಬರುವ ಮುನ್ನ ಎತ್ತುವುದನ್ನು ನಿಲ್ಲಿಸಿ. ಮುಗಿದ ಮೇಲೆ ಹೊಸ ಮುಚ್ಚಳ ಬಿಗಿಯಿರಿ. ಒಮ್ಮೆ ಎತ್ತಿದ ಮುಚ್ಚಳವನ್ನು ನಂಬಬಾರದು. ಕೆಲವು ಗಂಟೆ ಬಿಟ್ಟು ಒಂದನ್ನು ಪರೀಕ್ಷಿಸಿ, ಬೇಕಾದರೆ ಮತ್ತೊಮ್ಮೆ ಮಾಡಿ. ಇಂಥ ಬ್ಯಾಚನ್ನು ಕೊನೆಯವರೆಗೂ ಫ್ರಿಜ್ಜಿನಲ್ಲೇ ಇಟ್ಟು ಬೇಗ ಮುಗಿಸಬೇಕು.

ಪ್ರತಿ ಬ್ಯಾಚಿನಲ್ಲೂ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿ ತುಂಬಿಡುವ ಅಭ್ಯಾಸ ನನಗೆ ತುಂಬ ಇಷ್ಟ. ತುಂಬಿದ ದಿನ ಅದು ಮೆತ್ತಗಿರುತ್ತದೆ, ದಿನಕಳೆದಂತೆ ಗಟ್ಟಿಯಾಗುತ್ತದೆ. ಕಲ್ಲಿನಂತಾಗಿ ತಳ ಉಬ್ಬಿತೆಂದರೆ ಗಾಜಿನ ಬಾಟಲಿಗಳನ್ನು ಆ ಕ್ಷಣವೇ ತಣ್ಣಗೆ ಮಾಡಬೇಕು. ಬೆರಳಿನಿಂದ ಒತ್ತಿ ನೋಡಿದರಾಯಿತು, ಬೇರೆ ಮಾಪಕ ಬೇಡ.

ಕೆಗ್ ಎಂಬ ಸೋಡಾ ಯಂತ್ರ

ಬಾಟಲಿಯ ಕಾಟವೇ ಬೇಡ ಎನ್ನುವವರು ಕೆಗ್ಗಿಗೆ ಹೋಗುತ್ತಾರೆ. ಮನೆಬಿಯರಿನವರು ಬಳಸುವ 19 ಲೀಟರಿನ ಸ್ಟೀಲ್ ಕಾರ್ನೀಲಿಯಸ್ ಕೆಗ್ ಹುಟ್ಟಿದ್ದು ತಂಪುಪಾನೀಯದ ಪಾಕ ತುಂಬಲು. ಆ ಕಂಪನಿಗಳು ಪ್ಲಾಸ್ಟಿಕ್ ಚೀಲಗಳಿಗೆ ಬದಲಾದಾಗ ಹಳೆಯ ಕೆಗ್ಗುಗಳು ಅಗ್ಗವಾಗಿ ಹೋಂಬ್ರೂವರ್‌ಗಳ ಕೈಸೇರಿದವು. ಇಲ್ಲಿ ಯೀಸ್ಟಿನ ಹಂಗಿಲ್ಲ. ಸೋಡಾ ಅಂಗಡಿಯಂತೆಯೇ ಸಿಲಿಂಡರಿನಿಂದ ನೇರ ಗ್ಯಾಸು.

ಇಲ್ಲಿ ನಡೆಯುವುದು ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ ನಿಯಮ: ದ್ರವದಲ್ಲಿ ಎಷ್ಟು ಗ್ಯಾಸು ಕರಗಬೇಕೆಂಬುದನ್ನು ಅದರ ಮೇಲಿನ ಒತ್ತಡ ನಿರ್ಧರಿಸುತ್ತದೆ. ದ್ರವ ತಣ್ಣಗಿದ್ದಷ್ಟೂ ಹೆಚ್ಚು ಕರಗುತ್ತದೆ. 4 ಡಿಗ್ರಿಯ ಬಿಯರಿಗೆ 12 ಪಿಎಸ್‌ಐ ಕೊಟ್ಟು ಒಂದೂವರೆ ವಾರ ಸುಮ್ಮನಿದ್ದರೆ 2.5 ವಾಲ್ಯೂಮ್ ತಾನಾಗಿ ಕೂರುತ್ತದೆ. ಅದಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ. ಕಾಯಬಲ್ಲವರಿಗೆ ಇದರಷ್ಟು ನಿಶ್ಚಿಂತೆಯ ದಾರಿ ಇನ್ನೊಂದಿಲ್ಲ.

ಕಾಯಲಾರದವರು 30 ಪಿಎಸ್‌ಐಗೆ ಏರಿಸಿ ಒಂದು ದಿನ ಬಿಟ್ಟು ಇಳಿಸುತ್ತಾರೆ. ಇಳಿಸುವುದು ಮರೆತರೆ ಮಾರನೆಯ ದಿನ ನಲ್ಲಿಯಿಂದ ಬರೀ ನೊರೆ. ಕೆಗ್ಗನ್ನು ಉರುಳಿಸಿ ಕುಲುಕಿದರಂತೂ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯುವುದಿಲ್ಲ.

ಅತಿಯಾದರೆ ಸಿಲಿಂಡರ್ ಮುಚ್ಚಿ, ಕೆಗ್ಗಿನ ತಲೆಯ ಸುರಕ್ಷಾ ಕವಾಟ ಎಳೆದು ಗ್ಯಾಸು ಬಿಡಿ. ಮೇಲಿನದು ಹೋದರೆ ಕರಗಿದ್ದು ನಿಧಾನವಾಗಿ ಮೇಲೆ ಬರುತ್ತದೆ. ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಬಿಡುತ್ತಾ, ನಡುನಡುವೆ ಸ್ವಲ್ಪ ಅಲುಗಿಸುತ್ತಾ ಹೋದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಒತ್ತಡ ತುಂಬಿದ ಕೆಗ್ಗಿಗೆ ಕಡಿಮೆ ಒತ್ತಡಕ್ಕೆ ಇಳಿಸಿದ ಗ್ಯಾಸಿನ ಕೊಳವೆಯನ್ನು ಹಾಗೇ ಜೋಡಿಸಬೇಡಿ. ತುಂಬಿದ ಕೆಗ್ಗಿನಿಂದ ಬಿಯರ್ ಹಿಮ್ಮುಖವಾಗಿ ಹರಿದು ರೆಗ್ಯುಲೇಟರ್ ಹಾಳುಮಾಡುತ್ತದೆ. ಮೊದಲು ಗ್ಯಾಸು ಬಿಡಿ, ಆಮೇಲೆ ಜೋಡಿಸಿ.

ಏನು ಮಾಡಿದರೂ ಗ್ಯಾಸು ಏರದಿದ್ದರೆ ಸೋರಿಕೆ ಹುಡುಕಿ. ಸಾಬೂನು ನೀರನ್ನು ಮುಚ್ಚಳದ ಸುತ್ತ, ಕವಾಟದ ಸುತ್ತ, ಪ್ರತಿ ಜೋಡಣೆಗೂ ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ಕೆಗ್ಗಿನ ದೊಡ್ಡ ರಬ್ಬರ್ ಉಂಗುರ ಗಟ್ಟಿಯಾಗಿ ಕೂರಲು ಮೊದಲಿಗೆ 30 ಪಿಎಸ್‌ಐ ಕೊಟ್ಟು ಇಳಿಸುವುದು ವಾಡಿಕೆ. ಸಿಲಿಂಡರಿನ ಮೀಟರ್ ನೋಡಿ ನೆಮ್ಮದಿಯಾಗಬೇಡಿ. ಒಳಗಿನ ದ್ರವರೂಪದ ಗ್ಯಾಸು ಮುಗಿಯುವವರೆಗೂ ಮುಳ್ಳು ಕದಲುವುದಿಲ್ಲ, ಮುಗಿದಾಗ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನು ತೂಗಬೇಕು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಸೋರುವ ಸಿಲಿಂಡರ್ ಉಸಿರುಗಟ್ಟಿಸಬಲ್ಲದು. ಸೋರಿಕೆ ಹುಡುಕುವಾಗ ಬಾಗಿಲು ತೆರೆದಿರಲಿ.

ನೊರೆ ಬಂದದ್ದೆಲ್ಲ ಹೆಚ್ಚಿದ ಗ್ಯಾಸಿನಿಂದ ಬಂದದ್ದಲ್ಲ. ಮೊದಲ ಲೋಟ ನೊರೆಯಾಗಿ ಎರಡನೆಯದು ಚೆನ್ನಾಗಿದ್ದರೆ, ನಲ್ಲಿಯೂ ಕೊಳವೆಯೂ ಬೆಚ್ಚಗಾಗಿವೆ ಅಷ್ಟೆ. ಲೋಟ ತುಂಬ ನೊರೆ ಇದ್ದು ಕುಡಿದರೆ ಬಿಯರ್ ಸಪ್ಪೆ ಎನಿಸಿದರೆ, ಗ್ಯಾಸು ಕೊಳವೆಯಲ್ಲೇ ಬಿಡಿಸಿಕೊಳ್ಳುತ್ತಿದೆ. ಕೊಳವೆ ಗಿಡ್ಡವಾಗಿದ್ದರೆ ಬಿಯರ್ ರಭಸದಿಂದ ಬಂದು ಹೀಗಾಗುತ್ತದೆ. ಸುಮಾರು 5 ಮಿಲಿಮೀಟರ್ ಒಳವ್ಯಾಸದ ಕೊಳವೆಯನ್ನು ಮೂರು ಮೀಟರ್ ಉದ್ದ ಹಾಕಿದರೆ 12 ಪಿಎಸ್‌ಐ ಬಿಯರ್ ಮೆಲ್ಲಗೆ ಇಳಿಯುತ್ತದೆ.

ಈ ನೊರೆ ಕಂಡು ಒತ್ತಡ ಇಳಿಸುವವರೇ ಹೆಚ್ಚು. ಇಳಿಸಿದಾಗ ಬಿಯರಿನ ಗ್ಯಾಸು ಕೊಳವೆಯಲ್ಲಿ ಇನ್ನಷ್ಟು ಬಿಡಿಸಿಕೊಂಡು ನೊರೆ ಹೆಚ್ಚುತ್ತದೆ. ಮತ್ತೆ ಇಳಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಚೆನ್ನಾಗಿದ್ದ ಕೆಗ್ಗೂ ಸಪ್ಪೆ. ಒತ್ತಡ ಮುಟ್ಟದೆ ಕೊಳವೆ ಬದಲಿಸಿದ್ದರೆ ಸಾಕಿತ್ತು.

ಚೆಲ್ಲಬೇಕಾದಾಗ

ಕೆಲವು ಬ್ಯಾಚುಗಳು ಉಳಿಯುವುದಿಲ್ಲ. ಒಂದು ಬಾಟಲಿ ತಾನಾಗಿ ಸಿಡಿದಿದೆ, ಉಳಿದವು ಬೆಚ್ಚಗಿನ ಕೋಣೆಯಲ್ಲಿವೆ, ಕಾಡು ಯೀಸ್ಟ್ ಸೇರಿದ ಗುರುತೂ ಇದೆ ಎಂದಾದರೆ ಗ್ಯಾಸು ಬಿಟ್ಟು ಉಳಿಸುವ ಪ್ರಯತ್ನ ಬೇಡ. ತಿಂಗಳ ದುಡಿಮೆ ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಚೆಲ್ಲಲೇಬೇಕು.

ಸಿಡಿದ ದಿನವೇ ಮುಟ್ಟದೆ, ಸಾಧ್ಯವಾದರೆ ಕಿಟಕಿ ತೆರೆದು ಕೋಣೆ ತಣ್ಣಗಾಗಲು ಬಿಡಿ. ಚಳಿದೇಶದವರಿಗೆ ಇದೊಂದು ಅನುಕೂಲ. ರಾತ್ರಿಯ ಚಳಿ ಹಿಡಿದ ಮೇಲೆ ಬೆಳಗಿನ ಜಾವ, ಕವಚ-ಕೈಗವಸು ತೊಟ್ಟು, ಕಂಬಳಿ ಹೊದಿಸಿದ ಪೆಟ್ಟಿಗೆಯನ್ನು ಅಂಗಳಕ್ಕೆ ತನ್ನಿ. ಒದ್ದೆ ಟವೆಲಿನ ಕೆಳಗೆ ಒಂದೊಂದೇ ಮುಚ್ಚಳದ ಅಂಚನ್ನು ಎತ್ತಿ ಒತ್ತಡ ಬಿಡಿ. ಬಾಟಲಿಯ ಬಾಯಿ ನಿಮ್ಮತ್ತ ಇರಬಾರದು, ನಿಂತವರತ್ತಲೂ ಇರಬಾರದು. ಬುಸುಗುಟ್ಟುವುದು ಪೂರ್ತಿ ನಿಂತ ಮೇಲೆ ಬಿಯರ್ ಚೆಲ್ಲಿ. ಆ ಒತ್ತಡ ಕಂಡ ಬಾಟಲಿಗಳನ್ನು ತೊಳೆದು ಮತ್ತೆ ತುಂಬಬೇಡಿ. ಕಣ್ಣಿಗೆ ಕಾಣದ ಬಿರುಕು ಬಿದ್ದಿರಬಹುದು. ಗಾಜು ಎಸೆಯುವ ಡಬ್ಬಕ್ಕೆ ಹಾಕಿ, ಮುಂದಿನ ಬ್ಯಾಚಿಗೆ ಹೊಸ ಬಾಟಲಿ ತನ್ನಿ.